ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ವಿಮೆ ಸಿಗುವುದಿಲ್ಲವೇ?

ಪ್ರಶ್ನೆ: ಹುಮನಾಬಾದ್ ರಸ್ತೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿಗೆ ತಾಗಿ ನಮ್ಮ ಕಾರಿನ ಮುಂಭಾಗ ಜಖಂಗೊಂಡಿದೆ. ಷೋರೂಮಿಗೆ ಕೊಡಬೇಕೋ, ಪರಿಚಯದ ಗ್ಯಾರೇಜಿಗೆ ಕೊಡಬೇಕೋ? ಹೊರಗೆ ಮಾಡಿಸಿದರೆ ಇನ್ಶೂರೆನ್ಸ್ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನಿಜವೇ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ನಿಜವಲ್ಲ. "ಹೊರಗ ಮಾಡಿಸಿದ್ರ ಒಂದು ಪೈಸೆನೂ ಬರಂಗಿಲ್ಲಂತ, ಖರೆ ಏನ್ರಿ?" ಎಂದು ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕೊನೆಗೆ ದವಾಖಾನೆಯ ಸರದಿಯಲ್ಲಿಯೂ ನನ್ನನ್ನು ಕೇಳಿದವರಿದ್ದಾರೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ವಿಮಾ ಕಂಪನಿಯೊಡನೆ ಒಪ್ಪಂದವಿರುವ ಗ್ಯಾರೇಜಿನಲ್ಲಿ ಸಿಗುವುದು ಕ್ಯಾಶ್‌ಲೆಸ್ ಸೌಲಭ್ಯ, ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೇ ಕಟ್ಟುತ್ತದೆ. ಒಪ್ಪಂದವಿಲ್ಲದ ಕಡೆ ನೀವು ಮೊದಲು ಪೂರ್ತಿ ಹಣ ಕೊಟ್ಟು, ಬಿಲ್ಲು ಮತ್ತು ರಸೀದಿ ಸಲ್ಲಿಸಿ, ನಂತರ ಕಂಪನಿಯಿಂದ ವಾಪಸು ಪಡೆಯುತ್ತೀರಿ. ಹಣ ಬರುವ ದಾರಿ ಬದಲಾಗುತ್ತದೆಯೇ ಹೊರತು ನಿಮ್ಮ ಕಾರಿನ ಹಾನಿಯನ್ನೂ ತುಂಬಿಕೊಡುವ ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ನಿಮ್ಮ ಹಕ್ಕು ಹೋಗುವುದಿಲ್ಲ. ಹೆಚ್ಚುವರಿ ಹಣ ಕೊಟ್ಟು ಜೀರೋ ಡೆಪ್ರಿಸಿಯೇಶನ್ (ಭಾಗಗಳು ಹಳತಾದವೆಂದು ಹಣ ಕಡಿತ ಮಾಡದ ಸೌಲಭ್ಯ) ತೆಗೆದುಕೊಂಡಿದ್ದರೆ ಮಾತ್ರ, ಅದರ ಷರತ್ತುಗಳಲ್ಲಿ ಗ್ಯಾರೇಜಿನ ಮಾತಿದೆಯೇ ಎಂದು ಒಮ್ಮೆ ಓದಿಕೊಳ್ಳಿ.

ಹಾಗಾದರೆ ಹೊರಗೆ ಮಾಡಿಸಿದ ಕೆಲವರ ಕ್ಲೇಮು ಏಕೆ ತಿರಸ್ಕೃತವಾಯಿತು? ಬಹುಮಟ್ಟಿಗೆ, ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ಮೊದಲೇ ಬಾನೆಟ್ ಬಿಚ್ಚಿ ತಟ್ಟಲು ಆರಂಭಿಸಿದ್ದರಿಂದ, ಇಲ್ಲವೇ ಜಿಎಸ್‌ಟಿ ಬಿಲ್ಲಿನ ಬದಲು ಕೈಬರಹದ ಚೀಟಿ ಕೊಟ್ಟಿದ್ದರಿಂದ. ಮೊದಲು ಕಂಪನಿಗೆ ತಿಳಿಸಿ, ಜಖಂಗೊಂಡ ಸ್ಥಿತಿಯಲ್ಲಿಯೇ ಕಾರನ್ನು ತೋರಿಸಿ, ಬಳಿಕ ಕೆಲಸಕ್ಕೆ ಕೈಹಚ್ಚಿಸಬೇಕು. ಇನ್ನು "ಅರ್ಧವೇ ಕೊಟ್ಟರು" ಎಂಬ ದೂರಿಗೆ ಕಾರಣ ಸವಕಳಿ, ಅಂದರೆ ಭಾಗಗಳು ಹಳತಾದದ್ದಕ್ಕೆ ಕಂಪನಿ ಮಾಡುವ ಕಡಿತ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50% ಕಡಿತ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ. ನಾಲ್ಕು ವರ್ಷ ದಾಟಿ ಐದರೊಳಗಿದ್ದರೆ 35%. ಆರು ಸಾವಿರದ ಬಂಪರಿಗೆ ಮೂರು ಸಾವಿರ ಬಂದರೆ ಅದು ಗ್ಯಾರೇಜಿನವನ ಮೋಸವಲ್ಲ. ಷೋರೂಮಿನಲ್ಲಿ ಮಾಡಿಸಿದ್ದರೂ ಕಡಿತ ಅಷ್ಟೇ.

ಇನ್ನು ಗ್ಯಾರೇಜಿನ ಆಯ್ಕೆ. ಅಲ್ಲಿ ತೊಳೆದು ಹೊಳಪಿಟ್ಟು ನಿಲ್ಲಿಸಿದ ಕಾರನ್ನು ನೋಡಬೇಡಿ, ಅರ್ಧ ಕೆಲಸವಾಗಿರುವುದನ್ನು ನೋಡಿ. ತಗ್ಗನ್ನು ತಟ್ಟಿ ಸಮ ಮಾಡಿದ್ದಾರೋ, ಪುಟ್ಟಿ ತುಂಬಿ ಮುಚ್ಚಿದ್ದಾರೋ ಎಂಬುದು ಬಣ್ಣ ಬೀಳುವ ಮೊದಲೇ ಕಾಣುತ್ತದೆ. ಬಣ್ಣ ಬಿದ್ದ ಮೇಲಾದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಉಕ್ಕಿನ ಬಾಗಿಲ ಮೇಲೆ ಇಡಿ: ತೆಳು ಬಣ್ಣದ ಮೇಲೆ ಅಂಟಿಕೊಂಡು ನಿಲ್ಲುವ ಅದು, ದಪ್ಪ ಪುಟ್ಟಿಯ ಮೇಲೆ ಜಾರಿ ಕೈಗೇ ಬೀಳುತ್ತದೆ. ನಮ್ಮೂರಿನ ಬೇಸಿಗೆಯ ಧೂಳಿನಲ್ಲಿ ಬಯಲಿನಲ್ಲಿ ಬಣ್ಣ ಹೊಡೆಯುವವರಿಗೆ ಕಾರು ಒಪ್ಪಿಸಲೇಬೇಡಿ; ಒಣಗುವ ಮೊದಲೇ ಕೂತ ಕಣಗಳು ಅಂಗೈಗೆ ರವೆಯಂತೆ ತಾಗುತ್ತವೆ. ಮುಚ್ಚಿದ ಪೇಂಟ್ ಬೂತ್ ಇದೆಯೇ ಎಂದು ಕೇಳಿ, ಒಳಗೆ ಹೋಗಿ ನೋಡಿ. ಹಾಕುವ ಬಿಡಿಭಾಗ ಕಂಪನಿಯದೋ ಲೋಕಲ್ಲೋ ಎಂಬುದನ್ನು ಎಸ್ಟಿಮೇಟಿನಲ್ಲಿ ಬರೆಯಿಸಿ, ಬಿಚ್ಚಿದ ಹಳೆಯ ಭಾಗಗಳನ್ನು ಇಡಲು ಹೇಳಿ. ರಿಪೇರಿಯ ನಂತರ ಸರ್ವೇಯರ್ ಮತ್ತೊಮ್ಮೆ ಬಂದರೆ ಅವುಗಳನ್ನು ಕೇಳಬಹುದು. ಮುಂಭಾಗವೇ ಪೆಟ್ಟು ತಿಂದಿರುವುದರಿಂದ ಚಾಸಿಸ್ ಮತ್ತು ವೀಲ್ ಅಲೈನ್‌ಮೆಂಟ್ ಪರೀಕ್ಷೆಯಾಗದೆ ಕಾರು ತರಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಸಣ್ಣ ಪೆಟ್ಟಿಗೆ ಕ್ಲೇಮು ಮಾಡಲೇಬೇಕೇ? ಕ್ಲೇಮಿಲ್ಲದೆ ಕಳೆದ ಮೊದಲ ವರ್ಷಕ್ಕೆ 20%, ಸತತ ಐದು ವರ್ಷಕ್ಕೆ 50%, ಹೀಗೆ ಕಂತಿನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಬೆಳೆಯುತ್ತದೆ. ಒಂದೇ ಕ್ಲೇಮಿಗೆ ಅದು ಸೊನ್ನೆ. ಪಾಲಿಸಿಯಲ್ಲಿ ಸ್ವಂತ ಕಾರಿನ ಹಾನಿಯ ಭಾಗಕ್ಕೆ ಕಟ್ಟುವ ಕಂತು ಬೋನಸ್ಸಿಗೆ ಮುಂಚೆ ಎಂಟು ಸಾವಿರವಿದ್ದವರು 50% ಬೋನಸ್ ಕಳೆದುಕೊಂಡರೆ ಮುಂದಿನ ವರ್ಷವೊಂದರಲ್ಲಿಯೇ ನಾಲ್ಕು ಸಾವಿರ ಹೆಚ್ಚು ಕಟ್ಟಬೇಕು. ಅದರ ಮೇಲೆ 1,500 ಸಿಸಿ ಮೀರದ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುವ ಸಾವಿರ ರೂಪಾಯಿ ಬೇರೆ. ನಿಮ್ಮ ಕಾರಿನ ಪೆಟ್ಟು ದೊಡ್ಡದು, ಕ್ಲೇಮು ಮಾಡಿ. ಬಾಗಿಲ ಗೀರಿಗೆ ಸರ್ವೇಯರನ್ನು ಕರೆಸಬೇಕೆನ್ನುವ ನೆರೆಮನೆಯವರು ಯಾರಾದರೂ ಇದ್ದರೆ, ಅವರಿಗೆ ಮಾತ್ರ ಈ ಲೆಕ್ಕ ತೋರಿಸಿ.