ಎಕ್ಕದ ಗುರುತು ಬಣ್ಣದಲ್ಲಿಲ್ಲ

ಬಿಳಿ ಎಕ್ಕ ಕಂಡರೆ ಸಾಕು, ಗಣಪನ ಮೂರ್ತಿಗೆಂದು ಬೇರು ಅಗೆಯಲು ಹೊರಡುವವರಿದ್ದಾರೆ. ಬೇರಿನಲ್ಲಿ ಗಣಪ ತಾನಾಗಿಯೇ ಮೂಡಿರುತ್ತಾನೆ ಎಂದು ನಂಬುವವರೂ ಉಂಟು. ಪಕ್ಕದ ನೇರಳೆ ಹೂವಿನ ಗಿಡವನ್ನು ಅವರು ತಿರುಗಿಯೂ ನೋಡುವುದಿಲ್ಲ. ಆದರೆ ಎರಡೂ ಒಂದೇ ಜಾತಿ, ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯ. ಬರೀ ಬಣ್ಣಕ್ಕಾಗಿ ಒಂದು ಪೊದೆ ಬುಡಸಮೇತ ಹೋಗುತ್ತದಲ್ಲ, ಅದು ನನಗೆ ಸಂಕಟ.

ನಿಜಕ್ಕೂ ಬೇರೆ ಜಾತಿಯ ಎಕ್ಕ ಇದೆ. ಅದು ಕ್ಯಾಲೊಟ್ರೋಪಿಸ್ ಪ್ರೊಸೆರ, ರಾಜಸ್ಥಾನದಂಥ ಒಣ ಸೀಮೆಯ ಗಿಡ. ಅದರ ಎಸಳುಗಳು ಬಟ್ಟಲಿನಂತೆ ಮೇಲಕ್ಕೆ ನಿಂತಿರುತ್ತವೆ, ತುದಿಯಲ್ಲಷ್ಟೇ ಗಾಢ ನೇರಳೆ. ಜೈಗ್ಯಾಂಟಿಯದ ಎಸಳು ಅಗಲವಾಗಿ ಹರಡಿ ಹಿಂದಕ್ಕೆ ಬಾಗುತ್ತವೆ. ಇಷ್ಟು ನೋಡಿದರೆ ಗುರುತು ಮುಗಿಯಿತು.

ಆದರೆ ಹೂವನ್ನು ಅಷ್ಟಕ್ಕೇ ಬಿಡಬೇಡಿ. ನಡುವಿನ ಐದು ಮೂಲೆಯ ಕಿರೀಟವನ್ನು ಲೆನ್ಸ್ ಹಿಡಿದು ನೋಡಿ. ಇಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಪುಟ್ಟ ಚೀಲಗಳಲ್ಲಿ ತುಂಬಿರುತ್ತದೆ. ಎರಡೆರಡು ಚೀಲ ಒಂದು ಕ್ಲಿಪ್ಪಿಗೆ ಜೋತುಬಿದ್ದಿರುತ್ತವೆ. ಹೂವಿಗೆ ಐದು ಕ್ಲಿಪ್ಪು, ಹತ್ತು ಚೀಲ. ಪ್ರತಿ ಕ್ಲಿಪ್ಪಿನ ಕೆಳಗೂ ಒಂದು ಸಣ್ಣ ಸೀಳು. ಮರ ಕೊರೆಯುವ ದೊಡ್ಡ ಕರಿ ದುಂಬಿ ಮಕರಂದಕ್ಕೆ ಬಂದಾಗ ಅದರ ಕಾಲು ಸೀಳಿಗೆ ಜಾರುತ್ತದೆ. ಎಳೆದುಕೊಂಡಾಗ ಕ್ಲಿಪ್ಪು ಕಚ್ಚಿಕೊಂಡು ಚೀಲಗಳೂ ಜತೆಗೆ ಹೊರಡುತ್ತವೆ. ಮುಂದಿನ ಹೂವಿನ ಸೀಳಿನಲ್ಲಿ ಚೀಲ ಸರಿಯಾಗಿ ಸಿಕ್ಕಿಕೊಂಡರೆ ಪರಾಗಸ್ಪರ್ಶ ಆಯಿತು.

ಕ್ಯಾಲೊಟ್ರೋಪಿಸ್ ಎಂಬ ಹೆಸರು ಕೊಟ್ಟ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಕೂಡ ಇಂಥ ಹೂಗಳ ಹಿಂದೆ ಬಿದ್ದಿದ್ದ. ಆರ್ಕಿಡ್ ಹಾಗೂ ಎಕ್ಕದ ಬಳಗದಲ್ಲಿ ಪರಾಗ ಹೇಗೆ ಕೆಲಸ ಮಾಡುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನಿಗೆ ಜೀವಕೋಶದೊಳಗೆ ಒಂದು ದುಂಡು ಚುಕ್ಕೆ ಮತ್ತೆ ಮತ್ತೆ ಕಂಡಿತು. 1831ರಲ್ಲಿ ಅದನ್ನು ನ್ಯೂಕ್ಲಿಯಸ್ ಎಂದು ಕರೆದ. ನಾವೆಲ್ಲ ಶಾಲೆಯಲ್ಲಿ ಓದಿದ ಕೋಶಕೇಂದ್ರ ಅದೇ!

ಇನ್ನು ಕಾಯಿ. ಒಂದು ಹೂವಿನಲ್ಲಿ ಎರಡು ಅಂಡಾಶಯಗಳಿವೆ, ಹಾಗಾಗಿ ಕೆಲವೊಮ್ಮೆ ಜೋಡಿ ಕಾಯಿ, ಜಾಸ್ತಿ ಸಲ ಒಂಟಿ. ಉಬ್ಬಿದ ಹಸಿರು ಕಾಯಿ ಒಣಗಿದಾಗ ಒಂದೇ ಬದಿಯಲ್ಲಿ ಬಿರಿಯುತ್ತದೆ. ಒಳಗೆ ಚಪ್ಪಟೆ ಬೀಜಗಳು, ಪ್ರತಿಯೊಂದಕ್ಕೂ ರೇಷ್ಮೆಯಂಥ ಬಿಳಿ ಕುಚ್ಚು. ಗೊಂಚಲು ತುಂಬ ಹೂವಿದ್ದರೂ ಕಾಯಿ ಒಂದೆರಡೇ ಏಕೆ ಅಂತೀರಾ? ಚೀಲ ಸೀಳಿಗೆ ಸರಿಯಾಗಿ ಕೂರುವುದು ಅಪರೂಪ. ಕೂತರೆ ಮಾತ್ರ ಒಂದೇ ಚೀಲದ ಪರಾಗ ಕಾಯಿ ತುಂಬ ಬೀಜ ಕಟ್ಟಿಸುತ್ತದೆ.

ಹೂ ಬಿಡಿಸಿ ನೋಡುವವರು ಗಿಡದಿಂದ ಒಸರುವ ಹಾಲಿನ ಬಗ್ಗೆ ಎಚ್ಚರವಾಗಿರಿ. ಕಣ್ಣಿಗೆ ತಗುಲಿದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಪೆಟ್ಟಾಗುತ್ತದೆ, ಮೊದಲಿಗೆ ನೋವೇ ಗೊತ್ತಾಗದೆ ಇರಬಹುದು. ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ.