ಬಿಬಿಸಿ ಎರಡರ ಒಂದು ದಿನ: ಈ ಕಲಸುಮೇಲೋಗರ ಬಂದದ್ದೆಲ್ಲಿಂದ?

1980ರ ದಶಕದ ನಡುಭಾಗದಲ್ಲಿ ಬ್ರಿಟನ್ನಿನ ಬಿಬಿಸಿ ಎರಡನೇ ಚಾನೆಲ್ಲಿನ ದಿನಚರಿ ಹೆಚ್ಚುಕಮ್ಮಿ ಹೀಗಿರುತ್ತಿತ್ತು: ಬೆಳಗಿನ ಜಾವ ಗಣಿತದ ಪಾಠ, ಹೊತ್ತೇರಿದ ಮೇಲೆ ಶಾಲಾ ಮಕ್ಕಳಿಗೆ ಭೂಗೋಳ, ಮಧ್ಯಾಹ್ನ ಸ್ನೂಕರ್ ಅಥವಾ ಹಳೇ ಸಿನಿಮಾ, ರಾತ್ರಿ ಸುದ್ದಿ ವಿಶ್ಲೇಷಣೆ, ಜನ ಮಲಗುವ ಹೊತ್ತಿಗೆ ಮತ್ತೆ ಪಾಠ. ಇದನ್ನು ವೈವಿಧ್ಯ ಎಂದು ಹೊಗಳುವವರಿದ್ದಾರೆ. ಆದರೆ ಇದರಲ್ಲಿ ಸಾಕಷ್ಟು ಭಾಗ, ಬೇರೆಲ್ಲೂ ಜಾಗ ಸಿಗದೆ ಇಲ್ಲಿಗೆ ಬಂದು ಸೇರಿದ್ದು.

ದಿನಕ್ಕೆ ಎಷ್ಟು ಹೊತ್ತು ಟಿ.ವಿ. ಎಂಬುದನ್ನು ಮೊದಲಿಗೆ ಸರ್ಕಾರವೇ ನಿಗದಿ ಮಾಡುತ್ತಿತ್ತು. ಸಂಜೆ 6ರಿಂದ 7ರವರೆಗೆ ಪರದೆ ಖಾಲಿ. ಮಕ್ಕಳನ್ನು ಮಲಗಿಸಲು ತಾಯಂದಿರಿಗೆ ಅನುಕೂಲವಾಗಲಿ ಎಂದು. ಜಾಹೀರಾತಿನ ಹಣವನ್ನೇ ನಂಬಿದ್ದ ಖಾಸಗಿ ಚಾನೆಲ್ ಐಟಿವಿಗೆ ಆ ಒಂದು ಗಂಟೆ ಶುದ್ಧ ನಷ್ಟ. ಅದರ ಒತ್ತಾಯದಿಂದ 1957ರ ಫೆಬ್ರವರಿಯಲ್ಲಿ ಈ ಕಟ್ಟಳೆ ಹೋಯಿತು. ಉಳಿದ ಸಮಯದ ಮಿತಿ ಸಡಿಲವಾದದ್ದು 1972ರಲ್ಲಿ. ಆದರೂ ಟಿ.ವಿ. ಇರುವ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ ನಡೆಯುವ ಬಿಬಿಸಿಗೆ ಹಗಲಿಡೀ ತುಂಬಿಸುವಷ್ಟು ದುಡ್ಡಿರಲಿಲ್ಲ.

ಎರಡನೇ ಚಾನೆಲ್ ಶುರುವಾಗಬೇಕಿದ್ದದ್ದು 1964ರ ಏಪ್ರಿಲ್ 20ರ ಸಂಜೆ. ಬ್ಯಾಟರ್ಸಿ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಬಿದ್ದು ಪಶ್ಚಿಮ ಲಂಡನ್ ಕತ್ತಲಾಯಿತು, ಬಿಬಿಸಿಯ ಸ್ಟುಡಿಯೋಗಳಿದ್ದ ಟೆಲಿವಿಷನ್ ಸೆಂಟರ್ ಕೂಡ. ಮಾರನೇ ದಿನ ಬೆಳಿಗ್ಗೆ 11ಕ್ಕೆ ಪುಟ್ಟ ಮಕ್ಕಳ ‘ಪ್ಲೇ ಸ್ಕೂಲ್’ ಪ್ರಸಾರವಾಗಿ, ಅದೇ ಈ ಗಂಭೀರ ಚಾನೆಲ್ಲಿನ ಮೊದಲ ಪೂರ್ಣ ಕಾರ್ಯಕ್ರಮವಾಗಿಬಿಟ್ಟಿತು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಹಳೇ ಚಾನೆಲ್‌ಗಳದ್ದು 405 ಗೆರೆಗಳ ಚಿತ್ರ, ವಿಎಚ್ಎಫ್ ತರಂಗ. ಹೊಸದರದ್ದು 625 ಗೆರೆ, ಯುಎಚ್ಎಫ್. ನೋಡಬೇಕೆಂದರೆ ಹೊಸ ಸೆಟ್ಟೂ ಬೇಕು, ಹೊಸ ಆಂಟೆನಾವೂ ಬೇಕು. 1967ರ ಜುಲೈ 1ರಂದು ವಿಂಬಲ್ಡನ್ ಮೂಲಕ ಬಣ್ಣ ಬಂದಾಗ ಟಿ.ವಿ. ಅಂಗಡಿಯವರ ಪೇಚಾಟ ಇನ್ನೂ ಹೆಚ್ಚಾಯಿತು: ಗಿರಾಕಿ ಬರುವುದು ಹಗಲು, ಕಾರ್ಯಕ್ರಮ ಇರುವುದು ರಾತ್ರಿ. ಹಾಗಾಗಿ ಹಗಲಿನಲ್ಲಿ ಸೆಟ್ ಸರಿಯಿದೆಯೇ ಎಂದು ನೋಡಲು ಒಂದು ಪರೀಕ್ಷಾ ಚಿತ್ರ, ನಡುನಡುವೆ ಬಣ್ಣದ ಕಿರುಚಿತ್ರಗಳು. ‘ಟೆಸ್ಟ್ ಕಾರ್ಡ್ ಎಫ್’ ಎಂಬ ಆ ಚಿತ್ರದಲ್ಲಿ ಹುಡುಗಿಯೊಬ್ಬಳು ಗೊಂಬೆಯ ಜೊತೆ ಕರಿಹಲಗೆಯ ಮೇಲೆ ಸೊನ್ನೆ–ಇಂಟು ಆಟ ಆಡುತ್ತಿರುತ್ತಾಳೆ. ಅಲ್ಲಿನ ಇಂಟು ಗುರುತೊಂದು ಪರದೆಯ ನಟ್ಟನಡುವೆ ಬರಬೇಕು. ಸುತ್ತಲಿನ ವೃತ್ತ ಮೊಟ್ಟೆಯಾಕಾರವಾದರೆ ಎತ್ತರ–ಅಗಲದ ಹೊಂದಾಣಿಕೆ ತಪ್ಪಿದೆ. ಕೆನ್ನೆ ಹಸಿರಾಗಿ ಕಂಡರೆ ಬಣ್ಣ ಕೆಟ್ಟಿದೆ. ಗೆರೆಗಳ ತಪ್ಪು ಹಿಡಿಯಲು ಮೆಕ್ಯಾನಿಕ್ ಬೇಕು, ಮುಖದ ಬಣ್ಣ ಕೆಟ್ಟರೆ ಯಾರ ಕಣ್ಣಿಗಾದರೂ ಬೀಳುತ್ತದೆ.

ಸ್ನೂಕರ್ ಒಳಗೆ ಬಂದದ್ದೂ ಬಣ್ಣದ ಬೆನ್ನೇರಿಯೇ. ಆಗ ಚಾನೆಲ್ ನೋಡಿಕೊಳ್ಳುತ್ತಿದ್ದವರು ಡೇವಿಡ್ ಅಟೆನ್‌ಬರೋ (ಹೌದು, ಪ್ರಾಣಿಪಕ್ಷಿಗಳ ಅದೇ ಅಟೆನ್‌ಬರೋ). ಹಸಿರು ಮೇಜು, ಬಣ್ಣಬಣ್ಣದ ಚೆಂಡು, ಒಂದೇ ಕೋಣೆ, ಕಡಿಮೆ ಖರ್ಚು. 1969ರ ‘ಪಾಟ್ ಬ್ಲ್ಯಾಕ್’ ಎಂಬ ಸ್ನೂಕರ್ ಕಾರ್ಯಕ್ರಮದಲ್ಲಿ ಪಂದ್ಯಕ್ಕೆ ಒಂದೇ ಫ್ರೇಮ್ (ಒಂದು ಸುತ್ತಿನ ಆಟ) ಇಟ್ಟಿದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ದೊಡ್ಡ ಪಂದ್ಯಗಳಿಗೆ ಆ ಕಡಿವಾಣ ಇಲ್ಲ. 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಡೆನಿಸ್ ಟೇಲರ್ ಮತ್ತು ಸ್ಟೀವ್ ಡೇವಿಸ್ 35ನೇ ಫ್ರೇಮಿನ ಕೊನೆಯ ಕಪ್ಪು ಚೆಂಡಿನವರೆಗೂ ಎಳೆದರು. ಮಧ್ಯರಾತ್ರಿ ದಾಟಿದ ಮೇಲೂ 1.85 ಕೋಟಿ ಜನ ಎದ್ದು ಕೂತಿದ್ದರು. ನೇರ ಪ್ರಸಾರ ಹೀಗೆ ಉದ್ದವಾದರೆ ಜಾಹೀರಾತು ಕತ್ತರಿಸಿ ಸಮಯ ಉಳಿಸುವ ದಾರಿ ಬಿಬಿಸಿಗಿಲ್ಲ. ಮುಂದಿನದನ್ನು ತಳ್ಳಬೇಕು, ಇಲ್ಲವೇ ಕೈಬಿಡಬೇಕು. ತಳ್ಳಿದರೆ ಇನ್ನೊಂದು ಎಡವಟ್ಟು. ಒಂದನೇ ಚಾನೆಲ್ ಮತ್ತು ಎರಡನೇ ಚಾನೆಲ್ಲಿನ ಕಾರ್ಯಕ್ರಮಗಳು ಕೆಲವು ಕಡೆ ಒಂದೇ ಹೊತ್ತಿಗೆ ಮುಗಿಯುವಂತೆ ಹೊಂದಿಸಿರುತ್ತಿದ್ದರು, ನೋಡುಗರು ಅತ್ತಿಂದಿತ್ತ ಹಾರಲಿ ಎಂದು. ಒಂದು ಜಾರಿದರೆ ಆ ಜೋಡಣೆಯೇ ಹೋಯಿತು.

ಪಾಠಗಳ ಕಥೆ ಇನ್ನೊಂದು. ಮುಕ್ತ ವಿಶ್ವವಿದ್ಯಾಲಯದ ಪ್ರಸಾರ 1971ರ ಜನವರಿ 3ರಂದು ಆರಂಭವಾಯಿತು. ಪಾಠವೊಂದಕ್ಕೆ ಸುಮಾರು 25 ನಿಮಿಷ. ದುಡಿಯುವವರು ಕೆಲಸಕ್ಕೆ ಹೋಗುವ ಮುಂಚೆ ಅಥವಾ ಬಂದ ಮೇಲೆ ನೋಡಬೇಕು, ವಿಡಿಯೋ ರೆಕಾರ್ಡರ್ ಮನೆಮನೆಗೆ ಬಂದಿರದ ಕಾಲ. ಅದಕ್ಕೇ ನಸುಕು ಮತ್ತು ನಡುರಾತ್ರಿ. ರೆಕಾರ್ಡರ್ ಬಂದ ಮೇಲೆ ಹೊತ್ತು ಯಾವುದಾದರೇನು? ಪಾಠಗಳು ಇನ್ನಷ್ಟು ಕತ್ತಲಿಗೆ ಸರಿದವು, 2006ರ ಡಿಸೆಂಬರ್‌ನಲ್ಲಿ ನಿಂತೇಹೋದವು. ಶಾಲಾ ಕಾರ್ಯಕ್ರಮಗಳು ಒಂದನೇ ಚಾನೆಲ್‌ನಿಂದ ಇಲ್ಲಿಗೆ ಬಂದದ್ದು 1983ರಲ್ಲಿ.

ಇಷ್ಟಾದರೂ ಉಳಿದ ಸಂದುಗಳಿಗೆ ಸೀಫ್ಯಾಕ್ಸ್ (ಟಿ.ವಿ. ಪರದೆಯ ಮೇಲೆ ಅಕ್ಷರದಲ್ಲಿ ಮಾಹಿತಿ ಕೊಡುತ್ತಿದ್ದ ಬಿಬಿಸಿ ಸೇವೆ) ಪುಟಗಳು: ಹಿನ್ನೆಲೆಯಲ್ಲಿ ಸಂಗೀತ, ಪರದೆಯ ಮೇಲೆ ಹವಾಮಾನ, ಸುದ್ದಿ, ಅಂಕಿಸಂಖ್ಯೆ. ಚಿತ್ರದ ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಪರದೆಗೆ ಕಾಣದೆ ಹೋಗುವ ಕೆಲವು ಗೆರೆಗಳಲ್ಲಿ ಈ ಅಕ್ಷರಗಳನ್ನು ಸಂಕೇತವಾಗಿ ತುರುಕಿ ಕಳಿಸುತ್ತಿದ್ದರು. ಡಿಜಿಟಲ್ ಪ್ರಸಾರದಲ್ಲಿ ಆ ಗೆರೆಗಳೇ ಇಲ್ಲ. 2012ರ ಅಕ್ಟೋಬರ್‌ನಲ್ಲಿ ಉತ್ತರ ಐರ್ಲೆಂಡಿನ ಕೊನೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಆರಿದಾಗ ಸೀಫ್ಯಾಕ್ಸೂ ಆರಿತು.