ಗುತ್ತಿಗೆ ಮೊತ್ತದೊಳಗಿನ ತೆರಿಗೆ: ಹೊರೆ ಯಾರದು?

ಮಲೆನಾಡಿನ ರಸ್ತೆ, ಮೋರಿ, ಕಿರುಸೇತುವೆಗಳ ಕೆಲಸ ಜೂನ್‌ನಲ್ಲಿ ಮಳೆ ಹಿಡಿದರೆ ನಿಂತು, ದೀಪಾವಳಿಯ ಆಸುಪಾಸಿನಲ್ಲಷ್ಟೇ ಮತ್ತೆ ಶುರುವಾಗುತ್ತದೆ. ಹೀಗಾಗಿ, ಒಂದು ತೆರಿಗೆಯ ಕಾಲದಲ್ಲಿ ಒಪ್ಪಿಕೊಂಡ ಕಾಮಗಾರಿಯನ್ನು ಇನ್ನೊಂದು ತೆರಿಗೆಯ ಕಾಲದಲ್ಲಿ ಮುಗಿಸಬೇಕಾದ ಪಾಡು ತೀರ್ಥಹಳ್ಳಿ, ಹೊಸನಗರದ ಸಣ್ಣ ಗುತ್ತಿಗೆದಾರರಿಗೆ ಬೇಗ ಎದುರಾಗುತ್ತದೆ.

ಕಟ್ಟಡ ಗುತ್ತಿಗೆಯಲ್ಲಿ ಬಳಸಿದ ಸಾಮಗ್ರಿಯನ್ನು ಮಾರಾಟವೆಂದು ಬಗೆದು ತೆರಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿತು. 1982ರ ಸಂವಿಧಾನ ತಿದ್ದುಪಡಿ ಅಂಥ ತೆರಿಗೆಗೆ ದಾರಿ ತೆರೆಯಿತು. 2005ರಲ್ಲಿ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂತು.

ತೊಡಕು ಬಿಗಿಯಾದದ್ದು ವ್ಯಾಟ್ ಬದಲಿಗೆ ಜಿಎಸ್‌ಟಿ ಜಾರಿಯಾದ 2017ರ ಜುಲೈ 1ರಂದು. ಅದುವರೆಗೆ ರಾಜಿ ತೆರಿಗೆ ಪದ್ಧತಿಯಲ್ಲಿದ್ದ (ವಿವರವಾದ ಲೆಕ್ಕದ ಬದಲು ಸರಳ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿ) ಗುತ್ತಿಗೆದಾರ ಒಟ್ಟು ಮೊತ್ತದ ಮೇಲೆ ಶೇ 4ರಷ್ಟು ವ್ಯಾಟ್ ಕಟ್ಟಿದರೆ ಸಾಕಿತ್ತು. ಜಿಎಸ್‌ಟಿ ಶೇ 18 ಎಂದು ಆರಂಭವಾಗಿ, ಸರ್ಕಾರಿ ಕಾಮಗಾರಿಗಳಿಗೆ ಕೆಲವೇ ತಿಂಗಳಲ್ಲಿ ಶೇ 12ಕ್ಕೆ ಇಳಿಯಿತು. ತೆರಿಗೆ ಸೇರಿ 50 ಲಕ್ಷ ರೂಪಾಯಿಗೆ ಒಪ್ಪಿದ ಕೆಲಸವನ್ನೇ ನೋಡಿ: ಹಿಂದೆ 2 ಲಕ್ಷ ತೆರಿಗೆ ಹೋಗಿ 48 ಲಕ್ಷ ಉಳಿಯುತ್ತಿತ್ತು; ಆ 48 ಲಕ್ಷಕ್ಕೆ ಶೇ 12 ಎಂದರೆ 5.76 ಲಕ್ಷ. ಹೆಚ್ಚುವರಿ 3.76 ಲಕ್ಷವನ್ನು ಕೊಡುವವರು ಯಾರು?

ಸಿಮೆಂಟ್, ಕಬ್ಬಿಣಕ್ಕೆ ಕಟ್ಟಿದ ತೆರಿಗೆ ಹೂಡುವಳಿ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್), ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದಾದ ಮೊತ್ತವಾಗಿ, ಸಿಗುವುದರಿಂದ ನಷ್ಟವಿಲ್ಲ ಎಂಬುದು ಕೆಲಸ ಮಾಡಿಸುವವರ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಗುಡ್ಡ ಕಡಿದು ರಸ್ತೆ ಮಾಡುವಲ್ಲಿ ಖರ್ಚಿನ ದೊಡ್ಡ ಪಾಲು ಕೂಲಿಗೆ ಹೋಗುತ್ತದೆ; ಕೂಲಿಗೆ ಜಮೆ ಇಲ್ಲ, ಬಿಲ್ ಇಲ್ಲದೆ ತರಿಸಿದ ಜಲ್ಲಿಗೂ ಇಲ್ಲ. ಬಯಲುಸೀಮೆಯ ಕಟ್ಟಡಕ್ಕೆ ಸರಿಹೋಗುವ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸುವುದು ನ್ಯಾಯವೆನಿಸುವುದಿಲ್ಲ.

ತೆರಿಗೆ ಎಷ್ಟು ಎಂಬುದನ್ನು ತೆರಿಗೆ ಅಧಿಕಾರಿ ನಿರ್ಧರಿಸುತ್ತಾರೆ. ಅದರ ಹೊರೆಯನ್ನು ಕೆಲಸ ಮಾಡಿಸುವವರು, ಗುತ್ತಿಗೆದಾರ ಇಬ್ಬರಲ್ಲಿ ಯಾರು ಹೊರಬೇಕು ಎಂಬುದು ಒಪ್ಪಂದಕ್ಕೆ ಬಿಟ್ಟ ವಿಷಯ. ಸಾಗಣೆ ಗುತ್ತಿಗೆಯೊಂದರ ಸೇವಾ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನೇ ಎತ್ತಿಹಿಡಿಯಿತು. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ಈ ಜಗಳವನ್ನು ಮಧ್ಯಸ್ಥರ ಮುಂದಿಡಬಹುದು. ಜಿಎಸ್‌ಟಿಗೆ ಮುಂಚಿನ ಸರ್ಕಾರಿ ಗುತ್ತಿಗೆಗಳ ಕುರಿತು ಕರ್ನಾಟಕ ಹೈಕೋರ್ಟ್ 2023ರಲ್ಲಿ, ಜುಲೈ 1ರ ಹಿಂದಿನ ಮತ್ತು ಮುಂದಿನ ಕೆಲಸವನ್ನು ಬೇರ್ಪಡಿಸಿ, ಜಮೆಯನ್ನೂ ಪರಿಗಣಿಸಿ, ವ್ಯತ್ಯಾಸದ ತೆರಿಗೆಯನ್ನು ಲೆಕ್ಕ ಹಾಕಬೇಕೆಂದಿತು. ಅಷ್ಟರಲ್ಲಿ, 2022ರ ಜುಲೈ 18ರಿಂದ, ಅನೇಕ ಸರ್ಕಾರಿ ಕಾಮಗಾರಿಗಳ ದರ ಮತ್ತೆ ಶೇ 18ಕ್ಕೇರಿ, ಅದೇ ಪ್ರಶ್ನೆ ಹೊಸ ಕಡತಗಳಲ್ಲಿ ತಲೆಯೆತ್ತಿತ್ತು.

ಅಂದಾಜು ಪಟ್ಟಿಯಲ್ಲೇ ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ, ದರ ಬದಲಾದರೆ ವ್ಯತ್ಯಾಸ ಯಾರದ್ದೆಂದು ಬರೆದರೆ ತಗಾದೆಯ ಬಹುಪಾಲು ಹುಟ್ಟುವುದೇ ಇಲ್ಲ. ಬರೆಯದೇ ಬಿಟ್ಟಲ್ಲಿ ತೀರ್ಪಿಗೆ ವರ್ಷಗಳು ಹಿಡಿಯುತ್ತವೆ. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಗೆ ಮಾತ್ರ ತಡವಾದಷ್ಟೂ ದಿನ ವಾರ್ಷಿಕ ಶೇ 18ರ ಬಡ್ಡಿ ಗುತ್ತಿಗೆದಾರನ ತಲೆಯ ಮೇಲೆಯೇ ಬೆಳೆಯುತ್ತದೆ.